ಕೊನೆಯದೊಂದು ಮಾರುವುದಕ್ಕಲ್ಲ

ನನ್ನ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿದೆ. ಉಳಿದವೆಲ್ಲ ಸರಿಯಾಗಿಯೇ ಇವೆ. ಮದುವೆ ಊಟಕ್ಕೆ ಕೂತರೆ ಪಕ್ಕದವರು ಅದನ್ನು ನೋಡಿ ತಮ್ಮ ಎಲೆಯನ್ನು ಒಂದಿಷ್ಟು ಆಚೆಗೆ ಎಳೆದುಕೊಳ್ಳುತ್ತಾರೆ. ಉದ್ಯಾವರದ ಕ್ಷೌರದಂಗಡಿಯವನು, "ಎಂತ ವಾಸಣ್ಣ, ಈ ಪ್ರಾಯದಲ್ಲಿ ವೀಣೆ ಕಲಿಯಲಿಕ್ಕೆ ಶುರು ಮಾಡಿದ್ರಾ?" ಎಂದು ಕೇಳಿದ. ಹಾಗೇನಿಲ್ಲ. ಅದು ನನ್ನ ಕಸುಬಿನ ಸಲಕರಣೆ. ಕಸುಬು ಮಾಡುವಷ್ಟು ಕಾಲ ಅದು ನನಗೆ ಬೇಕಾಗಿರಲಿಲ್ಲ, ಬಿಟ್ಟ ಮೇಲೆ ಬೆಳೆಸಬೇಕಾಯಿತು ಎಂಬುದೊಂದೇ ವಿಚಿತ್ರ.

ನಾನು ಹೊಲಿಗೆ ಯಂತ್ರದ ಮೆಕ್ಯಾನಿಕ್. ಮನೆಯಲ್ಲಿ ರವಕೆ ಹೊಲಿಯುವ ಯಂತ್ರಗಳನ್ನು ನಾನು ಮುಟ್ಟಿದ್ದು ಕಡಿಮೆ. ಅಕ್ಕಿ ಗಿರಣಿಯಲ್ಲಿ ಗೋಣಿಯ ಬಾಯಿ ಹೊಲಿಯುವುದು, ದೋಣಿಗೆ ಹೊದಿಸುವ ಟಾರ್ಪಾಲು ಹೊಲಿಯುವುದು, ಹಾಸಿಗೆ, ಚರ್ಮ, ಹೀಗೆ ದಪ್ಪದ ಕೆಲಸದ ಹಳೆಯ ಯಂತ್ರಗಳು ನನ್ನವು. ಮಣಿಪಾಲದಲ್ಲಿ ಇಂಥ ಹಳೆಯ ಯಂತ್ರಗಳ ರಿಪೇರಿಗೆಂದೇ ಅಂಗಡಿ ತೆರೆದಿರುವ ಇಬ್ಬರು ಹುಡುಗಿಯರು, "ಅಂಕಲ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ಉಪಯೋಗ ಆಗ್ತದೆ" ಎಂದರು. ನನ್ನ ಹೆಂಡತಿ ಸುಮತಿ ತೀರಿಕೊಂಡ ಮೇಲೆ ಮಧ್ಯಾಹ್ನಗಳು ಉದ್ದವಾಗಿವೆ. ಬರೆಯುತ್ತೇನೆ ಎಂದೆ.

ಮೊದಲು ಅವರು ತಿಳಿಯಬೇಕಾದದ್ದು ಇಷ್ಟೆ. ಈ ಕಸುಬಿನಲ್ಲಿ ರಿಪೇರಿ ಎಂಬುದು ಸಣ್ಣ ಕೆಲಸ. ಹುಡುಕುವುದು ದೊಡ್ಡ ಕೆಲಸ. ಯಂತ್ರ ಬಿಚ್ಚಿ ಜೋಡಿಸಲು ಒಂದು ಬೆಳಗ್ಗೆ ಸಾಕು, ಬಿದ್ದುಹೋದ ಸ್ಕ್ರೂ ಹುಡುಕಲು ಒಂದು ಮಳೆಗಾಲ ಸಾಕಾಗುವುದಿಲ್ಲ. ಹಳೆಯ ಕಾಲದಲ್ಲಿ ಯಂತ್ರ ಮಾಡಿದವರು ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೀರು, ಅಂದರೆ ಥ್ರೆಡ್, ಕೊರೆದರು. ಅದು ಇಂಚಿನ ಲೆಕ್ಕಕ್ಕೂ ಬರುವುದಿಲ್ಲ, ಮಿಲಿಮೀಟರಿಗೂ ಬಗ್ಗುವುದಿಲ್ಲ. ಸ್ಕ್ರೂ ಕಳೆದರೆ ಗಿರಾಕಿ ತಮ್ಮ ಬಾಗಿಲಿಗೇ ಬರಲಿ ಎಂಬುದು ಅವರ ಉಪಾಯ. ಈಗ ಅವರ ಬಾಗಿಲೂ ಇಲ್ಲ, ಅವರೂ ಇಲ್ಲ. ಥ್ರೆಡ್ ಮಾತ್ರ ಉಳಿದಿದೆ.

ಉಗುರು ಬೆಳೆಸಿದ್ದು ಅಂಥ ಒಂದು ಸ್ಕ್ರೂವಿಗಾಗಿ. ಅದು ಕಾರ್ಕಳದ ಲಾರೆನ್ಸ್ ಪೊರ್ಬುಗಳಿಗೆ ಬೇಕಾಗಿತ್ತು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಅವರು ಚಪ್ಪಲಿ ಹೊಲಿಯುತ್ತಾರೆ, ಆದರೆ ಅಂಗಡಿಯ ಚಪ್ಪಲಿ ಆಗದವರಿಗೆ ಮಾತ್ರ: ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಗಾಯವಾದವರು, ಬೆರಳು ತೆಗೆಸಿಕೊಂಡವರು, ಒಂದು ಕಾಲು ಗಿಡ್ಡವಾಗಿರುವವರು. ಅವರ ಹಳೆಯ ಯಂತ್ರದ ತಲೆಯ ಮೇಲೆ ಒಂದು ದಪ್ಪ ತಲೆಯ ಸ್ಕ್ರೂ ಇತ್ತು. ಅಂಚಿಗೆ ಸಣ್ಣ ಹಲ್ಲು ಕೊರೆದದ್ದು, ಬೆರಳಲ್ಲೇ ತಿರುಗಿಸುವಂಥದ್ದು. ಚರ್ಮವನ್ನು ಒತ್ತಿ ಹಿಡಿಯುವ ಯಂತ್ರದ ಪಾದಕ್ಕೆ ಎಷ್ಟು ಒತ್ತಡ ಬೇಕು ಎಂದು ಅದು ಹೇಳುತ್ತದೆ. ಯಂತ್ರ ಸರಿಸುವಾಗ ಉರುಳಿ ಬಿದ್ದು ಆ ಸ್ಕ್ರೂವಿನ ತಲೆ ಹಾರಿತು. ಅದು ಸರಿ ಇಲ್ಲದಿದ್ದರೆ ಹೊಲಿಗೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಂದೆರಡು ಕಡೆ ಗಂಟು. ನಮ್ಮ ನಿಮ್ಮ ಕಾಲಿಗಾದರೆ ಅಷ್ಟು ತೊಂದರೆ ಇಲ್ಲ. ಲಾರೆನ್ಸರ ಗಿರಾಕಿಗಳ ಪಾದಕ್ಕೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಆ ಗಂಟು ಒಳಗೆ ಗಾಯ ಮಾಡಿದ್ದು ಅವರಿಗೆ ತಿಳಿಯುವುದು ರಕ್ತ ಕಂಡ ಮೇಲೆಯೇ.

"ಸ್ಕ್ರೂ ಸಿಕ್ಕಿದರೆ ಹೊಲಿಯುತ್ತೇನೆ ವಾಸಣ್ಣ. ಇಲ್ಲವಾದರೆ ಯಂತ್ರ ಗುಜರಿಗೆ, ನಾನು ಮನೆಗೆ. ಹೊಸ ಯಂತ್ರ ಕಲಿಯುವ ಪ್ರಾಯ ಅಲ್ಲ ನನ್ನದು" ಎಂದಿದ್ದರು.

"ಉಂಟು. ನಾನು ಕೊಡ್ತೇನೆ" ಎಂದು ಅವರಿಗೆ ಮಾತು ಕೊಟ್ಟವಳು ಸುಮತಿ. ಅವಳು ಯಾಕೆ ಹಾಗೆ ಹೇಳಬಲ್ಲವಳಾಗಿದ್ದಳು ಎಂದು ತಿಳಿಯಬೇಕಾದರೆ ಶೆಣೈ ಮಾಮರಿಂದ ಶುರು ಮಾಡಬೇಕು.

ಉಡುಪಿಯಲ್ಲಿ ಶೆಣೈ ಮಾಮರ ಬಿಡಿಭಾಗದ ಅಂಗಡಿಗೆ ನಾನು ಹುಡುಗನಾಗಿದ್ದಾಗ ಕೆಲಸಕ್ಕೆ ಸೇರಿದೆ. ಅವರ ಅಂಗಡಿಯಲ್ಲಿ ಇಲ್ಲದ ವಸ್ತುವಿಲ್ಲ ಎಂದು ಪ್ರತೀತಿ. ಪ್ರತೀತಿ ನಿಜವೇ. ಆದರೆ ಮಾಮರದ್ದೊಂದು ನಿಯಮವಿತ್ತು: ಯಾವ ಸಾಮಾನಾದರೂ ಕೊನೆಯದೊಂದು ಉಳಿದರೆ ಅದು ಮಾರುವುದಕ್ಕಲ್ಲ.

ಗಿರಾಕಿ ಬಂದು, "ಮಾಮ್, ಈ ನಮೂನೆಯ ಸ್ಕ್ರೂ ಉಂಟಾ?" ಎನ್ನುತ್ತಾನೆ.

"ಉಂಟು" ಎಂದು ಮಾಮ್ ಹೆಮ್ಮೆಯಿಂದ ಹೇಳುತ್ತಾರೆ. ಡಬ್ಬಿ ತೆರೆದು ಅಂಗೈಯಲ್ಲಿಟ್ಟು ತೋರಿಸುತ್ತಾರೆ.

"ಕೊಡಿ ಹಾಗಾದರೆ."

"ಕೊಡಲಿಕ್ಕಿಲ್ಲ. ಒಂದೇ ಇರುವುದು. ಕೊಟ್ಟರೆ ನನ್ನ ಹತ್ತಿರ ಇಲ್ಲ ಅಂತ ಆಗ್ತದೆ ಅಲ್ವಾ?"

ಹೀಗೆ ವರ್ಷಗಳು ಕಳೆದ ಹಾಗೆ ಅಂಗಡಿಯಲ್ಲಿ ಎಲ್ಲವೂ ಒಂದೊಂದೇ ಉಳಿಯಿತು. ಎಲ್ಲವೂ ಉಂಟು, ಯಾವುದೂ ಸಿಕ್ಕುವುದಿಲ್ಲ. ಮ್ಯೂಸಿಯಮ್ಮಿಗೆ ಟಿಕೆಟ್ಟಾದರೂ ಇರುತ್ತದೆ, ನಮಗೆ ಅದೂ ಇರಲಿಲ್ಲ.

ಆ ನಿಯಮ ಒಮ್ಮೆ ನನ್ನ ತಲೆಗೇ ಬಂತು. ಕಾರ್ಕಳದ ಒಂದು ಗಿರಣಿಯಲ್ಲಿ ಗೋಣಿ ಹೊಲಿಯುವ ಯಂತ್ರದ ಸ್ಕ್ರೂ ಬಿಚ್ಚಲು ಹೋಗಿದ್ದೆ. ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಬೈದೆ. ಕೊನೆಗೆ ಸ್ಕ್ರೂ ಬಿಚ್ಚುವ ಪಾನಾದ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ, ಗೋಣಿ ಹೊರುವ ಇಬ್ಬರನ್ನು ಕರೆದು, ಮೂವರೂ ಸೇರಿ ಎಳೆದೆವು. 'ಟಣ್' ಎಂದು ಸ್ಕ್ರೂ ತುಂಡಾಯಿತು. ಅದು ಎಡಕ್ಕೆ ಬಿಗಿಯಾಗಿ ಬಲಕ್ಕೆ ಬಿಚ್ಚುವ ಸ್ಕ್ರೂ. ನಾವು ಮೂವರೂ ಇಡೀ ಬೆಳಗ್ಗೆ ಅದನ್ನು ಬಿಗಿ ಮಾಡಿದ್ದೆವು.

ಉಡುಪಿಗೆ ಬಂದು ತಲೆ ತಗ್ಗಿಸಿ ನಿಂತೆ. ಮಾಮ್ ಸಾವಕಾಶವಾಗಿ ಕನ್ನಡಕ ಒರೆಸಿ ಕೇಳಿದರು: "ಬಿಗಿ ಮಾಡಿದ್ದಕ್ಕೆ ಬಿಲ್ಲು ಹಾಕಿದ್ದೀಯಾ?"

ಆ ನಮೂನೆಯ ಸ್ಕ್ರೂ ಮಾಮರಲ್ಲಿತ್ತು. ಒಂದೇ ಒಂದು. ಗಿರಣಿಯ ಯಜಮಾನರು ಸ್ವತಃ ಬಂದರು. ಮಾಮ್ ಅಂಗೈಯಲ್ಲಿಟ್ಟು ತೋರಿಸಿದರು, ಯಜಮಾನರು ಕಣ್ಣು ತುಂಬ ನೋಡಿದರು, ಮಾಮ್ ಡಬ್ಬಿಗೆ ಹಾಕಿದರು. ಗಿರಣಿಯಲ್ಲಿ ಗೋಣಿಯ ಬಾಯಿಯನ್ನು ಕೈಯಲ್ಲಿ ಹೊಲಿಯುತ್ತಿದ್ದವರ ಗೊಣಗಾಟ ಯಜಮಾನರ ಕಿವಿಯಲ್ಲಿ ಇತ್ತೋ ಏನೋ, ಅವರಿಗೊಂದು ಉಪಾಯ ಹೊಳೆಯಿತು.

"ಮಾರಬೇಡಿ ಮಾಮ್. ಸಾಲ ಕೊಡಿ."

ಮಾಮ್ ತುಂಬ ಹೊತ್ತು ಯೋಚಿಸಿದರು. ಸಾಲದ ವಿಷಯದಲ್ಲಿ ಅವರಿಗೆ ನಿಯಮವಿರಲಿಲ್ಲ. ಕೊಟ್ಟರು. ಅಲ್ಲಿಂದ ಮೇಲೆ ಅವರು ಕಾರ್ಕಳದ ಕಡೆ ಯಾವ ಮದುವೆಗೆ ಹೋದರೂ, ಊಟಕ್ಕೆ ಮೊದಲು ಗಿರಣಿಗೆ ಹೋಗಿ, "ನಮ್ಮ ಸ್ಕ್ರೂ ಸೌಖ್ಯವಾ?" ಎಂದು ವಿಚಾರಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ಯಜಮಾನರೂ ಯಂತ್ರ ನಿಲ್ಲಿಸಿ ತೋರಿಸುತ್ತಿದ್ದರು. ಬೀಗರ ಮನೆಗೆ ಕೊಟ್ಟ ಮಗಳನ್ನು ನೋಡಿಕೊಂಡು ಬಂದ ಹಾಗೆ.

ಪ್ರಾಯವಾಗಿ ಮಾಮ್ ಅಂಗಡಿ ಮುಚ್ಚಿದಾಗ ಆ 'ಕೊನೆಯದೊಂದು'ಗಳನ್ನೆಲ್ಲ ಒಂದು ಅಕ್ಕಿ ಗೋಣಿಗೆ ತುಂಬಿ ನನಗೆ ಕೊಟ್ಟರು. ನಾನು ಅದನ್ನು ರಿಕ್ಷಾದಲ್ಲಿ ಉದ್ಯಾವರದ ಮನೆಗೆ ತಂದು ಚಾವಡಿಯಲ್ಲಿ ಸುರಿದೆ. ಸುಮತಿ ಅಲ್ಲಿ ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಆಗ ನಮ್ಮ ಊರಿನಲ್ಲಿ ಬೀಡಿ ಕಟ್ಟದ ಮನೆಯಿರಲಿಲ್ಲ. ಅವಳು ರಾಶಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ಎಂತ ಮಾರಾಯ್ರೆ? ಜನ ಸಂಬಳ ತಕ್ಕೊಂಡು ಬರ್ತಾರೆ, ನೀವು ತುಕ್ಕು ತಕ್ಕೊಂಡು ಬಂದದ್ದಾ?"

"ಎಲ್ಲ ಕೊನೆಯ ತುಂಡುಗಳು. ಬೇರೆ ಎಲ್ಲಿಯೂ ಇಲ್ಲದ್ದು."

"ಬೇರೆ ಎಲ್ಲಿಯೂ ಯಾಕೆ ಇಲ್ಲ ಅಂತ ಯೋಚನೆ ಮಾಡಿದ್ದೀರಾ?" ಎಂದಳು. ಆಮೇಲೆ ಮೊರವನ್ನು ಬದಿಗಿಟ್ಟು ರಾಶಿಯ ಹತ್ತಿರ ಬಂದು ಕೂತಳು. ಅದರಲ್ಲಿ ಯಾವುದೋ ಒಂದೆರಡನ್ನು ಆರಿಸಿ, "ಇದು ನನಗೆ ಇರಲಿ, ರಿಕ್ಷಾ ಬಾಡಿಗೆಗೆ ಆಯಿತು" ಎಂದು ಒಳಗೆ ಹೋದಳು. ಯಾವುದೆಂದು ನಾನು ನೋಡಲಿಲ್ಲ. ರಾಶಿಯನ್ನು ಹೇಗೆ ವಿಂಗಡಿಸುವುದು ಎಂಬ ಚಿಂತೆಯಲ್ಲಿದ್ದೆ.

ವಿಂಗಡಿಸಿದ್ದು ನಾನಲ್ಲ, ಅವಳು. ಬೀಡಿ ಸುರುಟಿದ ಮೇಲೆ ಅದರ ಬಾಯಿಯನ್ನು ಒಳಕ್ಕೆ ಮಡಚಬೇಕು. ಅದಕ್ಕೆಂದು ಅವಳು ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದಳು. ಆ ಉಗುರನ್ನು ಸ್ಕ್ರೂವಿನ ಮೇಲೆ ತಲೆಯಿಂದ ಬಾಲದವರೆಗೆ ಮೆಲ್ಲಗೆ ಎಳೆಯುತ್ತಿದ್ದಳು. 'ಕ್ರ್ರ್' ಎಂದು ಒಂದು ಶಬ್ದ. ಇನ್ನೊಂದನ್ನು ಎಳೆದರೆ ಸ್ವಲ್ಪ ಬೇರೆ 'ಕ್ರ್ರ್'. ನನ್ನ ಕಿವಿಗೆ ಎರಡೂ ಒಂದೇ. ಅವಳು ಮಾತ್ರ "ಇವು ಅಕ್ಕತಂಗಿಯರು, ಅದು ನೆರೆಮನೆಯದು" ಎಂದು ಬೇರೆ ಬೇರೆ ಇಡುತ್ತಿದ್ದಳು. ನಾನು ಥ್ರೆಡ್ ಅಳೆಯುವ ಗೇಜು ಹಿಡಿದು ಪರೀಕ್ಷಿಸಿದೆ. ಅವಳು ತಪ್ಪಿದ್ದೂ ಉಂಟು, ಆಗ "ಗೇಜಿಗೆ ಪ್ರಾಯ ಆಯಿತು" ಎನ್ನುತ್ತಿದ್ದಳು. ಅಕ್ಕತಂಗಿಯರನ್ನೆಲ್ಲ ಬೀಡಿ ನೂಲಿನಲ್ಲಿ ಕಟ್ಟಿ ಕಾಗದ ಸುತ್ತಿ ಇಡುತ್ತಿದ್ದಳು, ಬೀಡಿಯ ಕಟ್ಟಿನ ಹಾಗೆಯೇ.

ಇದರಿಂದ ಆದ ಅನಾಹುತವನ್ನೂ ಹೇಳಿಬಿಡುತ್ತೇನೆ.

ಕಾಪುವಿನಲ್ಲಿ ದೋಣಿಯ ಟಾರ್ಪಾಲು ಹೊಲಿಯುವ ಒಬ್ಬರಿದ್ದರು, ಕರುಣಾಕರಣ್ಣ. ದೋಣಿಗಳು ಕಡಲಿಗಿಳಿಯುವ ಸಮಯ, ಅವರ ಯಂತ್ರ ನಿಂತಿತ್ತು. ಸುಮತಿ ಕಟ್ಟಿಟ್ಟಿದ್ದ ಸ್ಕ್ರೂಗಳ ಒಂದು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬೆಳಗ್ಗೆಯೇ ಬಸ್ಸು ಹತ್ತಿದೆ. ಅಲ್ಲಿ ಐದಾರು ಜನ ಮೀನುಗಾರರು ಸುತ್ತ ನಿಂತು ನೋಡುತ್ತಿದ್ದಾರೆ. ನಾನು ಡಾಕ್ಟರರ ಗತ್ತಿನಲ್ಲಿ ಯಂತ್ರ ಬಿಚ್ಚಿದೆ, ಕೈ ಒರೆಸಿಕೊಂಡೆ, ಚೀಲದಿಂದ ಕಟ್ಟು ತೆಗೆದು ಕಾಗದ ಬಿಡಿಸಿದೆ. ಒಳಗೆ ಬೀಡಿ.

ಕರುಣಾಕರಣ್ಣ ಒಂದನ್ನು ಎತ್ತಿ ನೋಡಿ, "ಇದನ್ನು ಯಂತ್ರಕ್ಕೆ ಕೊಡುವುದಾ, ನಮಗೆ ಕೊಡುವುದಾ?" ಎಂದರು. ಉತ್ತರಕ್ಕೆ ಕಾಯದೆ ಎಲ್ಲರಿಗೂ ಒಂದೊಂದು ಹಂಚಿದರು. ಅದರಲ್ಲೊಬ್ಬರು ಹೊಗೆ ಬಿಟ್ಟು, "ಸ್ಕ್ರೂ ಒಳ್ಳೆಯದುಂಟು" ಎಂದರು.

ಅದೇ ಹೊತ್ತಿಗೆ ಉದ್ಯಾವರದಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸುಮತಿ ಸಾಲಿನಲ್ಲಿ ನಿಂತಿದ್ದಳು. ಅಲ್ಲಿನ ಚೆಕ್ಕರ್ ಸೀನಣ್ಣನೆಂದರೆ ಬೀಡಿ ಕಟ್ಟುವ ಹೆಂಗಸರಿಗೆಲ್ಲ ನಡುಕ. ಪ್ರತಿ ಕಟ್ಟನ್ನೂ ಎರಡು ಬೆರಳಲ್ಲಿ ಒತ್ತಿ ನೋಡಿ, "ಸಡಿಲ, ಸಡಿಲ" ಎಂದು ಒಂದಿಷ್ಟನ್ನು ಬದಿಗೆ ಎಸೆಯದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆ ದಿನ ಸುಮತಿಯ ಕಟ್ಟನ್ನು ಒತ್ತಿದ. ಬೆರಳು ನೋವಾಯಿತು. ಇನ್ನೊಮ್ಮೆ ಒತ್ತಿದ. ಬಿಚ್ಚಿದ.

"ಸುಮತಿ, ಇದು ಎಂತದು?"

ಅವಳಿಗೆ ನೋಡಿದ ಕೂಡಲೇ ವಿಷಯ ತಿಳಿಯಿತು. ಆದರೆ ಸೀನಣ್ಣನ ಎದುರು ತಪ್ಪು ಒಪ್ಪಿಕೊಳ್ಳುವುದೆಂದರೆ ಅವಳ ಜಾಯಮಾನವಲ್ಲ.

"ನೀವು ದಿನವೂ ಸಡಿಲ ಸಡಿಲ ಅಂತ ತೆಗೆದು ಬಿಸಾಡುವುದಲ್ವಾ ಸೀನಣ್ಣ? ಇವತ್ತು ಗಟ್ಟಿ ಉಂಟು. ತಕ್ಕೊಳ್ಳಿ."

ಸಾಲಿನಲ್ಲಿದ್ದ ಹೆಂಗಸರು ನಕ್ಕ ಶಬ್ದಕ್ಕೆ ರಸ್ತೆಯಲ್ಲಿ ಹೋಗುವವರು ಒಳಗೆ ಇಣುಕಿದರಂತೆ. ಆಮೇಲೆ ಎಷ್ಟೋ ದಿನ ಸೀನಣ್ಣ ಅವಳ ಕಟ್ಟನ್ನು ಒತ್ತದೆಯೇ ತೆಗೆದುಕೊಂಡ. ಹಾಗಾಗಿ ಇಡೀ ಬ್ರಾಂಚಿನಲ್ಲಿ ನನ್ನ ಸ್ಕ್ರೂಗಳಿಂದ ಲಾಭವಾದದ್ದು ಅವಳೊಬ್ಬಳಿಗೇ.

ಕಾಲ ಬದಲಾಯಿತು. ಗಿರಾಕಿಗಳು ಬರುವುದು ಬಿಟ್ಟು ಫೋಟೋ ಬರತೊಡಗಿತು. ವಾಟ್ಸಾಪಿನಲ್ಲಿ ಒಂದು ಸ್ಕ್ರೂವಿನ ಚಿತ್ರ, ಕೆಳಗೆ 'ಇದು ಉಂಟಾ?' ಚಿತ್ರದಲ್ಲಿ ಅದು ನೀರಿನ ಟ್ಯಾಂಕಿನಷ್ಟು ದೊಡ್ಡದಾಗಿ ಕಾಣುತ್ತದೆ. ಅಳತೆ ಎಷ್ಟೆಂದು ಕೇಳಿದರೆ, 'ಸಣ್ಣದು' ಎಂದು ಉತ್ತರ. ಸುಮತಿಯೇ ದಾರಿ ತೋರಿಸಿದಳು. "ಪಕ್ಕದಲ್ಲಿ ಒಂದು ಬೀಡಿ ಇಟ್ಟು ಫೋಟೋ ತೆಗೀಲಿಕ್ಕೆ ಹೇಳಿ. ಬೀಡಿಯ ಅಳತೆ ನನಗೆ ಗೊತ್ತುಂಟಲ್ಲ." ಅದು ನಮ್ಮ ಪದ್ಧತಿಯಾಯಿತು. ಬೀಡಿ ಸೇದದ ಲಾರೆನ್ಸ್ ಪೊರ್ಬುಗಳು ಕೂಡ ಇದಕ್ಕೆಂದೇ ಮೇಜಿನ ಖಾನೆಯಲ್ಲಿ ಒಂದು ಬೀಡಿ ಇಟ್ಟುಕೊಂಡಿದ್ದರು. ಅದನ್ನು ನೋಡಿದ ಅವರ ಮಗಳು ಒಂದು ವಾರ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು.

ಹೊಸ ವಿಧಾನಗಳನ್ನು ನೋಡಿ ನಗಬಾರದು ಎಂಬುದನ್ನೂ ಕಲಿತೆ. ಮಣಿಪಾಲದಲ್ಲಿ ಹಾಸ್ಟೆಲುಗಳಿಗೆ ಹಾಸಿಗೆ ಹೊಲಿದುಕೊಡುವವರ ಯಂತ್ರದಲ್ಲಿ ಒಂದು ಹಲ್ಲಿನ ಚಕ್ರ ಮುರಿಯಿತು. ಅಲ್ಲೇ ಕಲಿಯುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಅದನ್ನು ಅಳೆದು, ಯಾವುದೋ ಮುದ್ರಿಸುವ ಯಂತ್ರದಲ್ಲಿ ಪ್ಲಾಸ್ಟಿಕ್ಕಿನದ್ದು ಮಾಡಿ ತಂದ. "ಮಕ್ಕಳ ಆಟಿಕೆ ಚಂದ ಉಂಟು. ನಾನು ನಿಜವಾದದ್ದು ತರುವವರೆಗೆ ಇರಲಿ" ಎಂದೆ. ಊರೂರು ಹುಡುಕಿಸಿ ಕಬ್ಬಿಣದ್ದೊಂದು ತರಿಸಿ ಹಾಕಿದೆ. ಮುಂದಿನ ವಾರ ಹೋಗಿ ನೋಡಿದರೆ ಯಂತ್ರದಲ್ಲಿ ಪ್ಲಾಸ್ಟಿಕ್ಕೇ ತಿರುಗುತ್ತಿದೆ.

"ನಿಮ್ಮದು ಗಟ್ಟಿ ಉಂಟು ವಾಸಣ್ಣ" ಎಂದರು ಹಾಸಿಗೆಯವರು, ಸಂಕೋಚದಿಂದ. "ಆದರೆ ಅದು ತುಂಬ ಮಾತಾಡ್ತದೆ." ನನ್ನ ಕಬ್ಬಿಣದ ಚಕ್ರ ಗಾಳಿಗೆ ಬಾಗಿಲು ಹಾಕಿಕೊಳ್ಳದ ಹಾಗೆ ಅಡ್ಡ ಕೂತಿತ್ತು. ಆ ಹುಡುಗ ಓದು ಮುಗಿಸಿ ಎಲ್ಲಿಗೋ ಹೋದ. ಚಕ್ರ ಈಗಲೂ ತಿರುಗುತ್ತಿದೆ.

ಇನ್ನು ಲಾರೆನ್ಸರ ಸ್ಕ್ರೂ.

ಅವರು ತಲೆ ಹಾರಿದ ಸ್ಕ್ರೂವಿನ ಬಾಲವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದಾಗ ನಾನು ಕೆಲಸ ಬಿಟ್ಟಾಗಿತ್ತು. ಸುಮತಿಯೂ ಬೀಡಿ ಕಟ್ಟುವುದು ನಿಲ್ಲಿಸಿದ್ದಳು, ಉದ್ದ ಉಗುರು ಮಾತ್ರ ಹಾಗೇ ಇತ್ತು. ಅವಳಿಗೆ ಆಗಲೇ ಮೈ ಸರಿ ಇರಲಿಲ್ಲ, ಮರುದಿನ ಮಣಿಪಾಲದ ಆಸ್ಪತ್ರೆಗೆ ಹೋಗುವುದಿತ್ತು. ನಾನು ಎಂದಿನಂತೆ ಚಾವಡಿಯಿಂದಲೇ, "ಸುಮತೀ, ಎರಡು ಚಹಾ" ಎಂದೆ. ಒಳಗಿನಿಂದ "ಕೇಳಿತು" ಎಂದಳು. ನಮ್ಮ ಸಂಸಾರದಲ್ಲಿ ಈ ಎರಡು ವಾಕ್ಯಗಳಷ್ಟು ಸವೆದ ಭಾಗ ಬೇರೆ ಇಲ್ಲ.

ಚಹಾ ತಂದಿಟ್ಟು, ಆ ತುಂಡನ್ನು ಎತ್ತಿಕೊಂಡು ಉಗುರು ಎಳೆದಳು. ಇನ್ನೊಮ್ಮೆ ಎಳೆದಳು. ಮುಖದಲ್ಲಿ ಒಂದು ನಗೆ ಬಂತು.

"ಉಂಟು ಪೊರ್ಬುಗಳೇ. ಇದರ ತಂಗಿ ನನ್ನ ಹತ್ತಿರ ಉಂಟು. ಆಸ್ಪತ್ರೆಗೆ ಹೋಗಿ ಬಂದು ಕೊಡ್ತೇನೆ."

"ನಿಮಗೆ ಯಾಕೆ ತೊಂದರೆ ಸುಮತಿಬಾಯಿ? ವಾಸಣ್ಣ ತೆಗೆದು ಕೊಡಲಿ."

"ಇವರಿಗಾ?" ಸುಮತಿ ಜೋರಾಗಿ ನಕ್ಕಳು. "ಇವರಿಗೆ ಈ ಜನ್ಮದಲ್ಲಿ ಸಿಕ್ಕಲಿಕ್ಕಿಲ್ಲ."

ಆಸ್ಪತ್ರೆಯಲ್ಲಿ ಒಮ್ಮೆ ಕೇಳಿದೆ, ಲಾರೆನ್ಸರ ಸ್ಕ್ರೂ ಎಲ್ಲಿದೆ ಎಂದು. "ಮನೆಗೆ ಹೋಗಿ ಕೊಡ್ತೇನೆ ಅಂದೆನಲ್ಲ" ಎಂದಳು. ಮತ್ತೆ ಕೇಳಿದರೆ, ನೀನು ಮನೆಗೆ ಬರುವುದಿಲ್ಲ ಎಂದು ನಾನೇ ಹೇಳಿದ ಹಾಗಾಗುತ್ತಿತ್ತು. ಕೇಳಲಿಲ್ಲ. ಅವಳು ಮನೆಗೆ ಬರಲಿಲ್ಲ.

ಉತ್ತರಕ್ರಿಯೆ ಮುಗಿದು ಮಗಳು ಹೆಜಮಾಡಿಗೆ, ಗಂಡನ ಮನೆಗೆ ಹೋದಳು. ಪಕ್ಕದ ಮನೆಯಲ್ಲಿರುವ ನನ್ನ ತಮ್ಮನ ಹೆಂಡತಿ ಊಟ ಕಳಿಸುತ್ತಾಳೆ. ಚಹಾಕ್ಕೆ ಹೆದ್ದಾರಿಯ ಹೋಟೆಲು. ಉಳಿದ ಹೊತ್ತು ನನಗೂ ಸ್ಕ್ರೂಗಳಿಗೂ ಬಿಟ್ಟದ್ದು. ಲಾರೆನ್ಸರು ಫೋನಿನಲ್ಲಿ ಸ್ಕ್ರೂವಿನ ಸುದ್ದಿಯನ್ನೇ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಅವಳ ಮಾತು ಅದು. ನಾನಲ್ಲದೆ ಇನ್ನಾರು ನಡೆಸಿಕೊಡಬೇಕು?

ಮೊದಲು ಲೋಹ ಕಡೆಯುವ ಲೇತಿನಲ್ಲಿ ಎರಡು ಮಾಡಿಸಿದೆ. ಅದರಲ್ಲೊಂದು ಎರಡೇ ಸುತ್ತು ಹೋಗಿ ಹಟ ಹಿಡಿದು ನಿಂತಿತು. ಇನ್ನೊಂದು ಸಲೀಸಾಗಿ ಒಳಗೆ ಹೋಯಿತು, ಯಂತ್ರ ಓಡಿಸಿದರೆ ಅದುರಾಟಕ್ಕೆ ತಾನಾಗಿಯೇ ತಿರುಗುತ್ತ ಮೇಲಕ್ಕೆ ಬಂತು. ಲಾರೆನ್ಸರು ಬಲಗೈಯಲ್ಲಿ ಹೊಲಿಯುತ್ತ, ಎಡಗೈಯಲ್ಲಿ ಅದನ್ನು ಅದುಮಿ ಹಿಡಿದು, "ನನಗೆ ದೇವರು ಇನ್ನೊಂದು ಕೈ ಕೊಡಬೇಕಿತ್ತು" ಎಂದರು.

ಆಮೇಲೆ ಅವಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಗೇಜು ಹಿಡಿದರೆ ಹತ್ತಾರು ಸ್ಕ್ರೂಗಳು ಹೌದು ಎನ್ನುತ್ತವೆ, ಯಂತ್ರಕ್ಕೆ ಒಯ್ದರೆ ಅಲ್ಲ ಎನ್ನುತ್ತವೆ. ಹಾಗಾಗಿ ಉಗುರು ಬೆಳೆಸಿದೆ. ಸ್ಕ್ರೂವಿನ ಬಾಲವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸಿಕ್ಕಿದಲ್ಲೆಲ್ಲ ಅದರ ಮೇಲೆ ಉಗುರು ಎಳೆದು ಅಭ್ಯಾಸ ಮಾಡಿದೆ. ಬ್ಯಾಂಕಿನಲ್ಲಿ ಪಕ್ಕ ಕೂತಿದ್ದವರೊಬ್ಬರು ಎದ್ದು ಬೇರೆ ಕಡೆ ಹೋದರು. ಮೊದಮೊದಲು ಉಗುರು ಮುರಿಯಿತು, ಶಬ್ದ ಮಾತ್ರ ತಿಳಿಯಲಿಲ್ಲ. ಬರುಬರುತ್ತ ತಿಳಿಯಿತು. ಅದು ಶಬ್ದವೇ ಅಲ್ಲ, ಉಗುರಿನ ಬುಡದಲ್ಲಿ ಆಗುವ ಒಂದು ಕಚಗುಳಿ. ಅಕ್ಕತಂಗಿಯರೂ ನೆರೆಮನೆಯವರೂ ನನಗೂ ಬೇರೆ ಬೇರೆಯಾಗಿ ಕಾಣತೊಡಗಿದರು. ಹೇಳಲು ಅವಳಿರಲಿಲ್ಲ.

ಸ್ಕ್ರೂ ಮಾತ್ರ ಸಿಗಲಿಲ್ಲ. ಅಟ್ಟ ಹುಡುಕಿದೆ, ಮಂಚದ ಅಡಿ ಹುಡುಕಿದೆ. ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿದ್ದ ಡಬ್ಬಿ ತೆರೆದರೆ ಕಣಜ ಕಡಿಯಿತು. ಈ ಜನ್ಮದಲ್ಲಿ ಸಿಕ್ಕಲಿಕ್ಕಿಲ್ಲ ಎಂದವಳ ನಗು ನೆನಪಾಗಿ ಸಿಟ್ಟೂ ಬಂತು.

ಒಂದು ಭಾನುವಾರ ಲಾರೆನ್ಸರು ಬಂದರು. ಚಾವಡಿಯಲ್ಲಿ ಕೂತರು.

"ಗುಜರಿಯವನಿಗೆ ಹೇಳಿದ್ದೇನೆ ವಾಸಣ್ಣ. ಮಂಗಳವಾರ ಬರ್ತಾನೆ. ನಿಮಗೆ ಹೇಳದ ಹಾಗೆ ಮಾಡುವುದು ಸರಿ ಅಲ್ಲ ಅಂತ ಬಂದೆ."

"ಗಿರಾಕಿಗಳು?"

"ಒಬ್ಬಳು ಹೆಂಗಸು ಹಳೆಯ ಜೋಡಿಗೆ ಬಟ್ಟೆ ಸುತ್ತಿಕೊಂಡು ನಡೀತಾಳೆ. ನಿನ್ನೆ ಬಂದಿದ್ದಳು. 'ಇನ್ನು ಎಷ್ಟು ದಿನ ಪೊರ್ಬುಗಳೇ?' ಅಂತ ಕೇಳಿದಳು. ಎಂತ ಹೇಳುವುದು? ಇಲ್ಲ ಅಂತ ಹೇಳಿಬಿಟ್ಟರೆ ಅವಳು ಬೇರೆ ಕಡೆಯಾದರೂ ನೋಡ್ತಾಳೆ."

ಚಾವಡಿಗೆ ಯಾರಾದರೂ ಬಂದು ಕೂತರೆ ಏನು ಹೇಳಿ ಅಭ್ಯಾಸವೋ ಅದೇ ಬಾಯಿಗೆ ಬಂತು.

"ಸುಮತೀ, ಎರಡು ಚಹಾ."

ಒಳಗಿನಿಂದ ಏನೂ ಕೇಳಲಿಲ್ಲ. ಲಾರೆನ್ಸರು ಕರ್ಚೀಫು ತೆಗೆದು ಕನ್ನಡಕ ಒರೆಸತೊಡಗಿದರು. ಆ ದಿನ ಹೋಟೆಲಿನವರ ಮನೆಯಲ್ಲಿ ಏನೋ ಸಮಾರಂಭ, ಹೋಟೆಲಿನ ಬಾಗಿಲು ಹಾಕಿತ್ತು. ಮನೆಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಎದ್ದು ಅಡುಗೆಮನೆಗೆ ಹೋದೆ.

ಅಲ್ಲಿ ನಾನೊಬ್ಬ ನೆಂಟ. ಗ್ಯಾಸು ಹೊತ್ತಿಸಿದೆ. ಡಬ್ಬಿಗಳನ್ನು ಮೂಸಿ ಮೂಸಿ ಚಹಾಪುಡಿ ಯಾವುದೆಂದು ಪತ್ತೆ ಮಾಡಿದೆ. ಚಹಾದ ಪಾತ್ರೆ ಕಪಾಟಿನಲ್ಲಿತ್ತು, ಮಗಳು ತೊಳೆದಿಟ್ಟ ಹಾಗೆಯೇ. ನೀರು ಕುದಿಯಲಿಟ್ಟು, ಮುಚ್ಚಳಕ್ಕೆ ಧೂಳು ಕೂತಿತ್ತೆಂದು ನಲ್ಲಿಯ ಕೆಳಗೆ ಹಿಡಿದು ಒಳಭಾಗ ಉಜ್ಜಿದೆ. ಹಿಡಿಯ ಸ್ಕ್ರೂವಿನ ಬಾಲ ಒಳಗೆ ಸ್ವಲ್ಪ ಹೊರಚಾಚಿತ್ತು. ಅದರ ಮೇಲೆ ನನ್ನ ಉಗುರು ಹಾದು ಹೋಯಿತು.

ಕ್ರ್ರ್.

ನಲ್ಲಿ ನಿಲ್ಲಿಸಿದೆ. ಇನ್ನೊಮ್ಮೆ ಎಳೆದೆ. ಉಗುರಿನ ಬುಡದಲ್ಲಿ ಅದೇ ಕಚಗುಳಿ. ಕಿಸೆಯಿಂದ ಲಾರೆನ್ಸರ ತುಂಡನ್ನು ತೆಗೆದು ಎಳೆದೆ, ಮುಚ್ಚಳದ್ದನ್ನು ಎಳೆದೆ. ಮುಚ್ಚಳವನ್ನು ತಿರುಗಿಸಿ ಹಿಡಿದು ನೋಡಿದೆ. ದಪ್ಪ ತಲೆ, ಅಂಚಿಗೆ ಸಣ್ಣ ಹಲ್ಲು. ಕೆಳಗೆ ಅದರದ್ದೇ ನಟ್ಟು. ರಿಕ್ಷಾ ಬಾಡಿಗೆಗೆಂದು ಅವಳು ಆರಿಸಿಕೊಂಡದ್ದು! ನಾನು ಕುಡಿದ ಅಷ್ಟೂ ಚಹಾದ ಮೇಲೆ ಅದು ಕೂತಿತ್ತು. ದಿನಕ್ಕೆ ಎಷ್ಟೋ ಸಲ ಅವಳು ಅದನ್ನು ಹಿಡಿದೆತ್ತಿದ್ದಳು. ನಾನು ಒಮ್ಮೆ ಒಳಗೆ ಬಂದು ಚಹಾ ಮಾಡಿದ್ದರೆ ಸಾಕಿತ್ತು. ಇವರಿಗೆ ಈ ಜನ್ಮದಲ್ಲಿ ಸಿಕ್ಕಲಿಕ್ಕಿಲ್ಲ ಎಂದದ್ದು ಅದಕ್ಕೇ. ಅವಳ ಲೆಕ್ಕ ನೂರಕ್ಕೆ ನೂರು ಸರಿಯಾಗಿರುತ್ತಿತ್ತು, ಒಂದು ಹೋಟೆಲಿನ ಬಾಗಿಲು ಹಾಕಿರದಿದ್ದರೆ.

ಮುಚ್ಚಳ ಹಿಡಿದುಕೊಂಡೇ ಹೊರಗೆ ಬಂದೆ.

"ಸಕ್ಕರೆ ಬೇಡ ಅಂತ ಹೇಳಲಿಕ್ಕೆ ಮರೆತೆ" ಎಂದರು ಲಾರೆನ್ಸರು. ಆಮೇಲೆ ನನ್ನ ಮುಖ ನೋಡಿದರು, ಮುಚ್ಚಳ ನೋಡಿದರು. ಅವರೂ ಯಂತ್ರದ ಮನುಷ್ಯ. ಹೇಳಬೇಕಾಗಲಿಲ್ಲ. ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಆ ಹಿಡಿಯ ಮೇಲೆ ಬೆರಳಾಡಿಸಿ, ನನಗೆ ವಾಪಸು ಕೊಟ್ಟರು.

"ಬೇಡ ವಾಸಣ್ಣ. ಇದು ಸುಮತಿಬಾಯಿ ದಿನಾ ಮುಟ್ಟಿದ್ದು. ಇಲ್ಲೇ ಇರಲಿ. ಯಂತ್ರ ಹಳತು, ನಾನೂ ಹಳಬ."

ಸತ್ಯ ಹೇಳಬೇಕೆಂದರೆ ನನ್ನ ಕೈಯೂ ಅದನ್ನು ಬಿಡಲು ಒಪ್ಪಲಿಲ್ಲ. ಕೊಟ್ಟರೆ ನನ್ನ ಹತ್ತಿರ ಇಲ್ಲ ಎಂದಾಗುತ್ತದಲ್ಲ. ಶೆಣೈ ಮಾಮರ ನಿಯಮವನ್ನು ನೋಡಿ ವರ್ಷಗಟ್ಟಲೆ ನಕ್ಕವನಿಗೆ ಅದರ ಅರ್ಥ ಆ ಹೊತ್ತಿಗೆ ಆಯಿತು. ಆದರೆ ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆಯುವ ಹೆಂಗಸೊಬ್ಬಳಿದ್ದಳು. ಸುಮತಿ ಕೊಟ್ಟ ಮಾತೂ ಇತ್ತು.

"ಮಾರುವುದೂ ಇಲ್ಲ, ಕೊಡುವುದೂ ಇಲ್ಲ ಪೊರ್ಬುಗಳೇ. ಸಾಲ" ಎಂದೆ. "ನಾನು ಆಗಾಗ ಬಂದು ನೋಡಿಕೊಂಡು ಹೋಗ್ತೇನೆ."

ಅವರು ಉತ್ತರ ಹೇಳುವ ಮೊದಲೇ ಒಳಗೆ ಚಹಾ ಉಕ್ಕಿ ಗ್ಯಾಸು ನಂದಿತು. ಇಬ್ಬರೂ ಓಡಿದೆವು. ಉಳಿದದ್ದನ್ನು ಎರಡು ಲೋಟಕ್ಕೆ ಬಗ್ಗಿಸಿದರೆ ಅರ್ಧರ್ಧ ಆಯಿತು. ಲಾರೆನ್ಸರು ಒಂದು ಗುಟುಕು ಕುಡಿದು, "ಗೋಡೆಗೆ ಬಳಿಯಬಹುದು" ಎಂದರು. ಪೂರ್ತಿ ಕುಡಿದರು.

ಮಂಗಳವಾರ ಗುಜರಿಯವನು ಬರಿಗೈಯಲ್ಲಿ ಹೋದ. ಬುಧವಾರ ಆ ಹೆಂಗಸಿನ ಪಾದದ ಅಳತೆ ತೆಗೆದರಂತೆ.

ತಿಂಗಳಿಗೊಮ್ಮೆ ನಾನು ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗುತ್ತೇನೆ. "ನಮ್ಮ ಸ್ಕ್ರೂ ಸೌಖ್ಯವಾ?" ಎಂದು ಕೇಳುತ್ತೇನೆ. ಲಾರೆನ್ಸರು ಯಂತ್ರ ನಿಲ್ಲಿಸಿ ತೋರಿಸುತ್ತಾರೆ. ನೋಡಿ, ಒಮ್ಮೆ ಉಗುರಲ್ಲಿ ಮುಟ್ಟಿ, ಬರುತ್ತೇನೆ. ನೀವೂ ಯಾವುದಾದರೂ ಕೊನೆಯ ತುಂಡನ್ನು ಕೈಬಿಡಬೇಕಾಗಿ ಬಂದಾಗ ಹೀಗೆ ಮಾಡಿ, ಹುಡುಗಿಯರೇ. ಕಸುಬಿನಲ್ಲಿ ನಾನು ಕಲಿತದ್ದು ಇದೊಂದೇ ಅಂತಿಟ್ಟುಕೊಂಡರೂ ಅಡ್ಡಿಯಿಲ್ಲ.

ಚಹಾದ ಪಾತ್ರೆಯ ಮುಚ್ಚಳಕ್ಕೆ, ಲೇತಿನಲ್ಲಿ ಮಾಡಿಸಿದ ಆ ಸಡಿಲ ಸ್ಕ್ರೂವನ್ನು ಹಾಕಿದ್ದೇನೆ. ಈಗ ಬೆಳಗಿನ ಚಹಾ ನಾನೇ ಮಾಡಿಕೊಳ್ಳುತ್ತೇನೆ. ನೀರು ಕುದಿಯುವಾಗ ಮುಚ್ಚಳ ಅದುರುತ್ತದೆ, ಸ್ಕ್ರೂ ತಾನಾಗಿ ತಿರುಗುತ್ತ ಮೇಲೆ ಬರುತ್ತದೆ. ಅದಕ್ಕೆ ಅಲ್ಲೇ ಪಕ್ಕದಲ್ಲಿ ನಿಂತಿರಬೇಕಾಗುತ್ತದೆ, ಆಗಾಗ ಬಿಗಿ ಮಾಡುತ್ತ. ನಿಂತಿರುತ್ತೇನೆ.